ಎಂಟನೆಯ ಅಕ್ಷರ

"ನಿಮ್ಮ ತಲೆ ನನ್ನ ಬೆಳಕಿಗೆ ಅಡ್ಡ ಬರ್ತಿದೆ."

ನಾನು ಅವನಿಗೆ ಹೇಳಿದ ಮೊದಲ ಮಾತು ಇದು. ಇದಕ್ಕಿಂತ ಒಳ್ಳೆಯ ಮಾತು ಆಡಬಹುದಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿರಲಿಲ್ಲ. ಕೆಂಪು ಸ್ಪೋರ್ಟ್ಸ್ ಕಾರೊಂದರ ಮೇಲೆ ಬಗ್ಗಿ, ಮುಂಗಾಜಿನ ಬುಡದಲ್ಲಿದ್ದ ಸಣ್ಣ ತಗಡಿನ ಪಟ್ಟಿಯನ್ನು ಓದಲು ಒದ್ದಾಡುತ್ತಿದ್ದೆ.

ಅವನು ಪಕ್ಕಕ್ಕೆ ಸರಿದ, ಆದರೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಟಾರ್ಚಿನ ಬೆಳಕು ಸರಿಯಾಗಿ ಆ ಪಟ್ಟಿಯ ಮೇಲೆ ಬಂದು ಕೂತಿತು.

"ಈಗ?"

"ಈಗ ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತಾನಾ?"

"ಪರವಾಗಿಲ್ಲ ಅಂದ್ರೆ ಪರವಾಗಿಲ್ಲ ಅಂತ."

ಅವನು ನಕ್ಕ. ಬೆಳಕು ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಕೈ ಇಷ್ಟು ಗಟ್ಟಿ ಇರುವವನು ಯಾರಪ್ಪಾ ಎಂದು ಆಗ ತಿರುಗಿ ನೋಡಿದೆ. ಬೆರಳ ತುದಿಗಳಲ್ಲೆಲ್ಲ ಸೂಜಿ ಚುಚ್ಚಿದ ಗುರುತು. ಕಾರಿನ ಸೀಟು ಹೊಲಿಯುವವನು. ಕಣ್ಣಂಚಿನಲ್ಲಿ ನಗು ಇನ್ನೂ ಉಳಿದಿತ್ತು. ನಾನು ಬೇಗನೆ ಪಟ್ಟಿಯ ಕಡೆಗೆ ತಿರುಗಿದೆ.

ಹಳೆಯ ಕಾರುಗಳ ಚಾಸಿ ನಂಬರ್ ಓದಿ, ಅವು ನಿಜಕ್ಕೂ ಏನು ಎಂದು ಬರೆದುಕೊಡುವುದು ನನ್ನ ಕೆಲಸ. ಹದಿನೇಳು ಅಕ್ಷರ, ಅಂಕಿಗಳ ಒಂದು ಸಾಲು ಅದು. ಮೊದಲಿನ ಮೂರು, ಕಾರನ್ನು ಮಾಡಿದವರು ಯಾರೆಂದು ಹೇಳುತ್ತವೆ. ಹತ್ತನೆಯದು ವರ್ಷ. ಕೊನೆಯವು ಆ ಕಾರಿನದೇ ಸ್ವಂತ ಸಂಖ್ಯೆ. ನಡುವೆ ಇರುವುದೆಲ್ಲ ಹೊಟ್ಟೆಯೊಳಗಿನ ಗುಟ್ಟು. ಮೈಗೆ ಯಾವ ಬಣ್ಣ ಬೇಕಾದರೂ ಬಳಿಯಬಹುದು, ನಂಬರ್ ಯಾರ ಮುಲಾಜಿಗೂ ಬೀಳುವುದಿಲ್ಲ. ನಾನೂ ಅಷ್ಟೆ. ಆಫೀಸಿನಲ್ಲಿ ಬೆನ್ನ ಹಿಂದೆ ನನ್ನನ್ನು ಭೂತಗನ್ನಡಿ ಎನ್ನುತ್ತಾರೆ. ಆ ಹೆಸರು ನನಗೆ ಇಷ್ಟ ಎಂಬುದು ಅವರಿಗೆ ಗೊತ್ತಿಲ್ಲ.

ಕಾರು ಅವನ ಸೋದರತ್ತೆಯದು. ಆಕೆ ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನನ್ನ ಮಂಡಿ ಕ್ಲಚ್ ತುಳಿಯೋಕೆ ಒಪ್ತಿಲ್ಲ ಕಣಮ್ಮ. ನಿಲ್ಲಿಸಿದ ಕಾರು ಕೆಟ್ಟುಹೋಗುತ್ತೆ. ಹಳೇ ಸ್ಪೋರ್ಟ್ಸ್ ಕಾರು ಕೂಡಿಡೋರೊಬ್ಬರು ಕೇಳ್ತಿದ್ದಾರೆ. ನಂಬರ್ ಪ್ರಕಾರ ಅಸಲಿ ಅಂತ ನೀನು ಬರೆದುಕೊಟ್ರೆ ಅವರಿಗೆ. ಇಲ್ಲ ಅಂದ್ರೆ ಇವನಿಗೆ. ಇಬ್ಬರಿಗೂ ಮಾತು ಕೊಟ್ಟುಬಿಟ್ಟಿದ್ದೀನಿ."

"ಅತ್ತೆ, ಅವರನ್ನ ಓದೋಕೆ ಬಿಡಿ."

"ನಾನು ಬಾಯಲ್ಲಿ ಮಾತಾಡ್ತಿರೋದು ಕಣೋ. ಅವಳು ಓದೋದು ಕಣ್ಣಲ್ಲಿ."

ಕಾರಿನ ಒಳಗೆ ಇಣುಕಿದಾಗ ನನಗೆ ಅರ್ಥವಾಯಿತು. ಸೀಟು, ಬಾಗಿಲ ಒಳಮೈ, ನೆಲದ ಹಾಸು, ಎಲ್ಲ ಅವನ ಕೈಯ ಹೊಲಿಗೆ. ಒಂದು ಹೊಲಿಗೆಯೂ ಸೊಟ್ಟ ಇರಲಿಲ್ಲ. ಬರೀ ಕೂಲಿಗೆ ಯಾರೂ ಹೀಗೆ ಹೊಲಿಯುವುದಿಲ್ಲ. ಅವನಿಗೆ ಆ ಕಾರು ಬೇಕಿತ್ತು.

ಗಾಜಿನಂಚಿನಿಂದ ಇಳಿದ ನೀರು ತಗಡಿನ ಪಟ್ಟಿಯನ್ನು ಒಂದು ಕಡೆ ತಿಂದಿತ್ತು. ಹಾಳಾಗಿದ್ದು ಸರಿಯಾಗಿ ಎಂಟನೆಯದು ಮತ್ತು ಒಂಬತ್ತನೆಯದು.

"ಎಂಟನೆಯದು ಎಂಜಿನ್ ಯಾವುದು ಅಂತ ಹೇಳುತ್ತೆ," ಎಂದೆ. "ಇದು ನಿಜವಾದ ಸ್ಪೋರ್ಟ್ಸ್ ಕಾರೋ, ಅದರ ವೇಷ ಹಾಕಿರೋ ಸಾಧಾರಣ ಕಾರೋ ಅಂತ ಗೊತ್ತಾಗೋದು ಅಲ್ಲೇ."

"ಒಂಬತ್ತನೆಯದು?"

"ಅದು ಕಾವಲುಗಾರ. ಉಳಿದವಕ್ಕೆಲ್ಲ ಒಂದೊಂದು ಬೆಲೆ ಕೊಟ್ಟು, ಗುಣಿಸಿ ಕೂಡಿಸಿ, ಹನ್ನೊಂದರಿಂದ ಭಾಗಿಸಿದ್ರೆ ಏನು ಉಳಿಯುತ್ತೋ ಅದೇ ಅಲ್ಲಿರಬೇಕು. ಯಾರಾದ್ರೂ ಒಂದು ಅಕ್ಷರ ತಿದ್ದಿದ್ರೂ ತಾಳೆ ಆಗಲ್ಲ."

"ಈಗ ಕಾವಲುಗಾರನೇ ನಾಪತ್ತೆ."

"ಹೌದು. ಈ ನಂಬರ್ ಬೇರೆ ಕಡೆ ಇದೆಯಾ? ಬಾಗಿಲ ಹತ್ತಿರ?"

"ಬಾಗಿಲು ಬದಲಾಯಿಸಿದ್ವಿ. ಅದರ ಜೊತೆ ಹೋಯ್ತು."

"ಕೆಲವು ಕಾರುಗಳಲ್ಲಿ ಸೀಟಿನ ಕೆಳಗೆ, ನೆಲದ ತಗಡಿನ ಮೇಲೂ ಕೊರೆದಿರ್ತಾರೆ."

ಟಾರ್ಚಿನ ಬೆಳಕು ಮೊದಲ ಸಲ ಅಲುಗಿತು.

"ಇದರಲ್ಲಿ ಇಲ್ಲ," ಎಂದ.

ನಾನು ಅವನ ಮುಖ ನೋಡಿದ್ದಕ್ಕೆ ಕೈ ನಡುಗಿತು ಎಂದು ನನಗೆ ಅನುಕೂಲವಾಗುವ ಹಾಗೆ ಓದಿಕೊಂಡೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಅದೇ ಖುಷಿ. ಭೂತಗನ್ನಡಿಗೂ ಒಮ್ಮೊಮ್ಮೆ ಮಂಜು ಕವಿಯುತ್ತದೆ.

ರಜೆಯ ದಿನ ಮತ್ತೆ ಹೋದೆ. ಮೊದಲ ದಿನದ್ದಕ್ಕಿಂತ ಮೆತ್ತನೆಯ ಪೆನ್ಸಿಲ್ ತಂದಿದ್ದೇನೆ, ಪಟ್ಟಿಯ ಮೇಲೆ ತೆಳು ಕಾಗದ ಇಟ್ಟು ಉಜ್ಜಿದರೆ ಅಕ್ಷರ ಎದ್ದು ಬರಬಹುದು ಎಂದೆ. ಅವನು ಏನೂ ಕೇಳದೆ ಕಾಗದದ ಅಂಚು ಹಿಡಿದುಕೊಂಡ. ಬಗ್ಗಿದಾಗ ಇಬ್ಬರ ಹಣೆಗಳ ನಡುವೆ ಒಂದು ಗೇಣಿನ ಅಂತರ. ನಾನು ಉಜ್ಜಿದೆ. ಎದ್ದು ಬಂದದ್ದು ತುಕ್ಕಿನ ಹೊಂಡ ಮಾತ್ರ. ಇನ್ನೊಮ್ಮೆ ಉಜ್ಜಿದೆ. ಬೇಕಾಗಿರಲಿಲ್ಲ.

ಅವನು ಚಹಾ ಮಾಡಿದ. ನಾವು ಕಾರಿನ ಎರಡು ಬಾಗಿಲುಗಳನ್ನೂ ತೆರೆದಿಟ್ಟು ಒಳಗೆ ಕೂತು ಕುಡಿದೆವು.

"ಚಿಕ್ಕವನಿದ್ದಾಗ ಅಳು ನಿಲ್ಲಿಸದೇ ಇದ್ರೆ ಅತ್ತೆ ನೀವು ಕೂತಿರೋ ಸೀಟಲ್ಲಿ ಕೂರಿಸ್ಕೊಂಡು ಒಂದು ಸುತ್ತು ಹೊಡೀತಿದ್ರು," ಎಂದ. "ಆಮೇಲೆ ಸುಮ್ಮಸುಮ್ಮನೆ ಅಳೋದು ಕಲಿತೆ."

ನಾನು ನಕ್ಕೆ. ಆಮೇಲೆ ಹೇಳಲೇಬೇಕಾದದ್ದನ್ನು ಹೇಳಿದೆ. "ನಾಳೆ 'ಖಚಿತಪಡಿಸಲು ಸಾಧ್ಯವಿಲ್ಲ' ಅಂತ ಬರೀತೀನಿ. ಕಾರು ನಿಮ್ಮದೇ."

"ಅದನ್ನ ಯಾಕೆ ಹೀಗೆ ಸಪ್ಪೆ ಮುಖ ಮಾಡ್ಕೊಂಡು ಹೇಳ್ತಿದ್ದೀರಿ?"

"ನಿಮಗೆ ಸಿಕ್ಕಿದ್ದು ಸಂತೋಷಾನೇ. ಆದ್ರೆ ಓದೋಕೆ ಆಗಲಿಲ್ಲ ಅಂತ ನಾನು ಇದುವರೆಗೆ ಬರೆದಿಲ್ಲ. ಎಲ್ಲೋ ಏನೋ ನೋಡದೆ ಬಿಟ್ಟಿದ್ದೀನಿ ಅನ್ನಿಸ್ತಾ ಇದೆ. ಹೋಗಲಿ ಬಿಡಿ, ಇಲ್ಲ ಅಂತ ನೀವೇ ಹೇಳಿದ ಮೇಲೆ ಇಲ್ಲ."

ಅವನು ಲೋಟವನ್ನು ಕೆಳಗಿಟ್ಟ.

"ಸ್ವಲ್ಪ ಇಳೀತೀರಾ?"

ಇಳಿದೆ. ಅವನು ನಾನು ಕೂತಿದ್ದ ಸೀಟಿನ ಬೋಲ್ಟು ಬಿಚ್ಚಿ, ಅದನ್ನು ಎತ್ತಿ ಆಚೆಗಿಟ್ಟ. ಹೊಲಿಗೆ ಬಿಚ್ಚುವ ಬ್ಲೇಡು ತೆಗೆದುಕೊಂಡು, ನೆಲದ ಹಾಸಿನಲ್ಲಿ ತಾನೇ ಹಾಕಿದ್ದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸತೊಡಗಿದ. ಹಾಸಿನ ತುಂಡು ಮೇಲೆದ್ದಿತು. ಅದರ ಕೆಳಗೆ, ತುಕ್ಕು ಮುಟ್ಟದ ತಗಡಿನ ಮೇಲೆ, ಹದಿನೇಳೂ ಇದ್ದವು.

"ಹಾಸು ಹೊಲಿಯುವಾಗಲೇ ನೋಡಿದ್ದೆ," ಎಂದ. "ಅವತ್ತು ನಿಮಗೆ ಸುಳ್ಳು ಹೇಳಿದೆ."

ಸಿಟ್ಟು ಬಂತು. "ಮತ್ತೆ ಇವತ್ತು ಯಾಕೆ ತೋರಿಸ್ತಿದ್ದೀರಿ? ಸುಮ್ಮನಿದ್ದಿದ್ರೆ ಕಾರು ನಿಮ್ಮದಾಗ್ತಿತ್ತು."

"ಆಗ್ತಿತ್ತು. ಓಡಿಸೋವಾಗೆಲ್ಲ ನೀವು ನೆನಪಾಗ್ತಿದ್ರಿ. ನನ್ನನ್ನ ನಂಬಿ ಸೋತವರು ಅಂತ ನೆನಪಾಗೋದು ನನಗೆ ಬೇಡ."

ಬಂದಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಮಂಡಿಯೂರಿ ಕಾಗದ ಇಟ್ಟೆ, ಅವನು ಅಂಚು ಹಿಡಿದ. ಪೆನ್ಸಿಲ್ ಓಡಿದಂತೆ ಅಕ್ಷರಗಳು ಎದ್ದು ಬಂದವು. ಎಂಟನೆಯದು ದೊಡ್ಡ ಎಂಜಿನ್ನಿನ ಅಕ್ಷರ. ಗುಣಿಸಿದೆ, ಕೂಡಿಸಿದೆ, ಭಾಗಿಸಿದೆ. ಕಾವಲುಗಾರ ತನ್ನ ಜಾಗದಲ್ಲೇ ನಿಂತಿದ್ದ.

"ಅಸಲಿ," ಎಂದೆ. ಕೆಟ್ಟ ಸುದ್ದಿ ಹೇಳುವವಳ ಧ್ವನಿಯಾಗಿತ್ತು ನನ್ನದು.

ಕಾಗದ ನನ್ನ ಕೈಯಲ್ಲೇ ಇತ್ತು. ಹರಿದು ಹಾಕಿದರೆ ಕೇಳುವವರಿರಲಿಲ್ಲ. ಹರಿಯಬೇಕು ಎಂದು ನಿಜವಾಗಿಯೂ ಅನ್ನಿಸಿತು.

"ಅದನ್ನ ಹಾಗೆ ನೋಡಬೇಡಿ," ಎಂದ ಅವನು. "ನೀವು ಹರಿಯೋರಲ್ಲ."

"ನಿಮಗೇನು ಗೊತ್ತು?"

"ಓದೋಕೆ ಬರೋದು ನಿಮಗೊಬ್ಬರಿಗೇ ಅಂದ್ಕೊಂಡ್ರಾ?"

ಕಾರು ಹೋಗುವ ದಿನ ನನಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಆದರೂ ಹೋದೆ. ಅತ್ತೆ ನನ್ನನ್ನು ನೋಡಿದರು, ಅವನನ್ನು ನೋಡಿದರು, ಬೀಗದ ಕೈ ಅವನತ್ತ ಎಸೆದರು. "ಲಾರಿ ಬರೋಕೆ ಹೊತ್ತಿದೆ. ಒಂದು ಸುತ್ತು ಹೋಗಿಬನ್ನಿ. ಅಳೋದೇನೂ ಬೇಕಾಗಿಲ್ಲ."

ಹೋಗಿಬಂದೆವು. ಆಮೇಲೆ ಲಾರಿ ಬಂತು, ಕಾರನ್ನು ಏರಿಸಿಕೊಂಡು ಹೋಯಿತು. ಅತ್ತೆ ಕಣ್ಣೊರೆಸಿಕೊಂಡು ಒಳಗೆ ಹೋದರು. ಶೆಡ್ಡಿನ ನೆಲದಲ್ಲಿ ಕಾರು ನಿಂತಿದ್ದ ಕಡೆ ಎಣ್ಣೆಯ ಕಲೆ ಉಳಿದಿತ್ತು. ಅದರ ಪಕ್ಕ ಅವನು ನಿಂತಿದ್ದ. ಅವನು ಅದನ್ನು ಕಳೆದುಕೊಂಡದ್ದು ನನ್ನಿಂದ.

"ಇನ್ನು ಇಲ್ಲಿ ಓದೋಕೆ ಏನೂ ಇಲ್ಲ," ಎಂದ.

"ಮೊದಲನೇ ಸಲ ಮಾತ್ರ ನಾನು ಕಾರು ನೋಡೋಕೆ ಬಂದಿದ್ದು. ರಜೆ ದಿನ ಬಂದಿದ್ದು ನಿಮ್ಮನ್ನ ನೋಡೋಕೆ. ಮೆತ್ತನೆ ಪೆನ್ಸಿಲ್ ಬರೀ ನೆಪ."

"ಗೊತ್ತಿತ್ತು."

"ಹೇಗೆ?"

"ಮೊದಲನೇ ದಿನಾನೂ ಅದೇ ಪೆನ್ಸಿಲ್ ತಂದಿದ್ರಿ. ತುದೀಲಿ ಹಲ್ಲಿನ ಗುರುತಿತ್ತು."

ನನ್ನ ಮುಖ ಕಾರಿನ ಬಣ್ಣಕ್ಕೆ ತಿರುಗಿರಬೇಕು. "ಇನ್ನೇನೇನು ಓದಿದ್ದೀರಿ?"

"ಒಂದು ಓದಿದ್ದೀನಿ. ಸರಿಯೋ ತಪ್ಪೋ ಗೊತ್ತಿಲ್ಲ. ನೀವು ಹೇಳಿದ್ರೆ ತಾಳೆ ನೋಡ್ಕೋತೀನಿ."

ಅವನ ಚುಚ್ಚುಗಾಯದ ಬೆರಳುಗಳನ್ನು ಹಿಡಿದುಕೊಂಡೆ. "ನೀವಂದ್ರೆ ನನಗೆ ಪ್ರೀತಿ," ಎಂದೆ.

"ತಾಳೆ ಆಯ್ತು," ಎಂದ. ಅವನ ಕೈ ನಡುಗಿತು. ಈ ಸಲ ಅದು ಯಾಕೆಂದು ನಾನು ಸರಿಯಾಗಿಯೇ ಓದಿದೆ.