ಬೆನೋನಿ, ಬೆನ್ಯಾಮಿನ್

ತೊಕ್ಕೊಟ್ಟಿನ ಕಲ್ಲು ಕೆತ್ತುವ ಅಂಗಡಿಯಲ್ಲಿ ಮಗನ ಹೆಸರು ಕಂಡಾಗ ಭವ್ಯಶ್ರೀಗೆ ಮೊದಲು ಅನ್ನಿಸಿದ್ದು, ಗಂಡ ಸ್ಪೆಲ್ಲಿಂಗ್ ತಪ್ಪಿದ್ದಾನೆ ಎಂದು. ಸಮಾಧಿಯ ಕರಿಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ‘ಬೆನೋನಿ’ ಎಂದಿತ್ತು.

“ಬೆನ್ಯಾಮಿನ್ ಅಲ್ವಾ?”

ಕೆವಿನ್ ಅವಳತ್ತ ನೋಡಲಿಲ್ಲ. ಮಗು ಹೋದಂದಿನಿಂದ ಅವಳ ಮುಖ ನೋಡುವುದನ್ನೇ ಬಿಟ್ಟಿದ್ದ.

“ಒಮ್ಮೆ ಕೆತ್ತಿದ್ರೆ ಅಳಿಸ್ಲಿಕ್ಕೆ ಆಗುವುದಿಲ್ಲ ಮೇಡಂ. ಮಾತಾಡಿಕೊಳ್ಳಿ,” ಎಂದು ಕೆತ್ತುವ ನೋಣಯ್ಯ ಉಳಿ ಕೆಳಗಿಟ್ಟು ಚಾ ಕುಡಿಯಲು ಹೋದ.

ಬಸುರಿಯಾಗಿದ್ದಾಗ ಬೆನ್ಯಾಮಿನ್ ಎಂಬ ಹೆಸರಿಗಾಗಿ ಎಷ್ಟು ಜಗಳ! ಶಕ್ತಿನಗರದ ತುಳುವರ ಮನೆಯಿಂದ ಬಂದ ಅವಳಿಗೆ ಬೈಬಲಿನ ಹೆಸರುಗಳೆಲ್ಲ ಹೊಸತು. ಕೆವಿನ್ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವವನು. ಹೀಬ್ರೂ ಅರ್ಥ ಕೇಳಿದರೆ ಸಾಕು, ಅವನು ಹೇಳಿ ಮುಗಿಸುವಷ್ಟರಲ್ಲಿ ತಟ್ಟೆಯಲ್ಲಿ ಅನ್ನ ಆರುತ್ತಿತ್ತು.

“ಬೆನ್ ಅಂದ್ರೆ ಮಗ. ಯಾಮಿನ್ ಅಂದ್ರೆ ಬಲಗೈ.”

“ಬೆಂಜಮಿನ್ ಅಂತ ಬರೆದ್ರೆ ಎಂತ ಆಗ್ತದೆ?”

“ಹೀಬ್ರೂವಿನಲ್ಲಿ ‘ಜ’ ಇಲ್ಲ ಮಾರಾಯ್ತಿ.”

“ಮಗನಿಗೆ ಒಂದು ‘ಜ’ ಕೊಡ್ಲಿಕ್ಕೂ ಜಿಪುಣತನವಾ?” ಎಂದು ಅವಳು ಓರೆಗಣ್ಣಿನಿಂದ ನೋಡಿದ್ದಳು. ಅವನು ನಗುತ್ತಾ ಅವಳ ಹೊಟ್ಟೆಗೆ ಕಿವಿಯಿಟ್ಟಿದ್ದ.

ಈಗ ಅವನು ಕಲ್ಲನ್ನೇ ನೋಡುತ್ತಾ ಹೇಳಿದ: “ತಪ್ಪಲ್ಲ, ಬೇರೆಯೇ ಹೆಸರು. ಬೆನೋನಿ ಅಂದ್ರೆ ನನ್ನ ದುಃಖದ ಮಗ. ಬೈಬಲಿನಲ್ಲಿ ರಾಹೇಲ್ ತನ್ನ ಮಗನನ್ನು ಹೆತ್ತಾಗ ಇಟ್ಟದ್ದು. ಆಮೇಲೆ ಆ ಮಗುವಿನ ಅಪ್ಪ ಅದನ್ನು ಬೆನ್ಯಾಮಿನ್ ಮಾಡಿದ. ನನಗೆ ಆ ಧೈರ್ಯ ಇಲ್ಲ ಭವ್ಯಾ.”

“ರಾಹೇಲ್ ಎಂತ ಆದಳು?”

“ಹೆಸರಿಟ್ಟು ತೀರಿಕೊಂಡಳು.”

“ನಾನು ಸಾಯಲಿಲ್ಲ ಕೆವಿನ್. ಇಲ್ಲೇ ಇದ್ದೇನೆ. ಯಾಕೆ ನೋಡುವುದಿಲ್ಲ ನೀನು? ನನ್ನ ತಪ್ಪು ಅಂತಲಾ?”

“ಅಲ್ಲ... ಅವನಿಗೆ ನಿನ್ನದೇ ಮುಖ. ನಿನ್ನನ್ನು ನೋಡಿದ್ರೆ ಅವನೇ ಕಾಣ್ತಾನೆ.”

ಭವ್ಯಶ್ರೀ ಮಗುವನ್ನು ನೋಡಿರಲೇ ಇಲ್ಲ. ಆಪರೇಷನ್ನಿನ ನಂತರ ಅವಳು ಮೈಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗಲೇ ಅದನ್ನು ಮಣ್ಣು ಮಾಡಿ ಬಂದಿದ್ದರು.

ಅವಳು ಶಾಲಿನ ತುದಿಯಿಂದ ಅಕ್ಷರಗಳನ್ನು ಒರೆಸಿ, ‘ಬೆನ್ಯಾಮಿನ್’ ಎಂದು ಬರೆದಳು. ಅವನು ತಡೆಯಲಿಲ್ಲ.

“ನನಗೆ ಅವನನ್ನು ತೋರಿಸು,” ಎಂದಳು.

ಕೆವಿನ್ ಕೊನೆಗೂ ತಲೆಯೆತ್ತಿದ. ಬೆರಳಿನಿಂದ ಅವಳ ಹುಬ್ಬು ಮುಟ್ಟಿದ.

“ಹುಬ್ಬು ಇದೇ. ಇನ್ನೂ ತೆಳ್ಳಗೆ.” ಬೆರಳು ಕೆಳಗಿಳಿಯಿತು. “ಮೂಗೂ ಇದೇ.”

ಬೆರಳು ತುಟಿಯ ಹತ್ತಿರ ಬಂದು ನಿಂತಿತು. ಅವಳು ಆ ಕೈಯನ್ನು ಅಲ್ಲೇ ಹಿಡಿದುಕೊಂಡು ಕಣ್ಣು ಮುಚ್ಚಿದಳು.

“ನಿಧಾನ ಹೇಳು,” ಎಂದಳು. “ನಾನು ನೋಡ್ತಾ ಇದ್ದೇನೆ.”