ಕೊಳೆ ತಿನ್ನುವ ತಾಯಿ

ಹೆಂಡದ ಗಡಿಗೆ ಮಾವನ ಮುಂದೆ, ಜೋಳದ ಗಂಜಿ ತನ್ನ ಮುಂದೆ. ಎಕಾಟ್ಸಿನ್‌ಗೆ ಉರಿದುಹೋಗುತ್ತಿದ್ದುದು ಇದಕ್ಕೇ. ಅವನು ಗರಿ ಹೊದಿಸಿದ ಗುರಾಣಿಗಾಗಿ ಸೇನಾನಾಯಕರು ಸಂತೆಯಲ್ಲಿ ಕಿತ್ತಾಡುತ್ತಿದ್ದರು. ತಲೆಯೂ ಅರ್ಧ ನರೆತಿತ್ತು. ಆದರೂ ಕತ್ತಾಳೆ ಹೆಂಡ ಮುದುಕರಿಗೆ ಮಾತ್ರ. ಮಿಕ್ಕವರು ಕುಡಿದು ಸಿಕ್ಕಿಬಿದ್ದರೆ ನ್ಯಾಯಗಾರರ ಆಳುಗಳು ಸಂತೆಯ ನಡುವೆ ದೊಣ್ಣೆಯಿಂದ ಅವರ ತಲೆ ಒಡೆಯುತ್ತಿದ್ದರು.

"ಅಳಿಯಂದ್ರೇ, ಊದ್ಕೊಂಡು ಕುಡೀರಿ, ನಾಲಗೆ ಸುಟ್ಕೊಂಡೀರಿ!" ಹಬ್ಬ ಬಂದರೆ ಸಾಕು, ಮಾವ ಚಿಮಾಲ್ ಬೊಚ್ಚುಬಾಯಿ ಅಗಲಿಸಿ ನಗುತ್ತಿದ್ದ.

ಉಪಾಯ ಹೊಳೆದದ್ದು ಕೊಳೆ ತಿನ್ನುವ ತಾಯಿಯ ಗುಡಿಯ ಮುಂದೆ. ಬದುಕಿನಲ್ಲಿ ಒಂದೇ ಒಂದು ಸಲ, ಮಾಡಿದ ಪಾಪವನ್ನೆಲ್ಲ ಅವಳ ಪೂಜಾರಿಯ ಎದುರು ಕಕ್ಕಿಬಿಟ್ಟರೆ ತಾಯಿ ತಿಂದುಹಾಕುತ್ತಾಳೆ. ಆಮೇಲೆ ಆ ತಪ್ಪಿಗಾಗಿ ಯಾವ ನ್ಯಾಯಗಾರನೂ ಅವನನ್ನು ಮುಟ್ಟುವಂತಿಲ್ಲ. ಪೆದ್ದ ಜನ ಈ ಒಂದು ಸಲವನ್ನು ಮುಪ್ಪಿಗೆಂದು ಎತ್ತಿಡುತ್ತಾರೆ! ಪೂಜಾರಿಯ ಬಾಯಿಯೂ ಭದ್ರ. ಕಿವಿಗೆ ಬಿದ್ದದ್ದನ್ನು ಅವನು ಸತ್ತರೂ ಹೇಳುವುದಿಲ್ಲ. ಹೆಂಡತಿಗೂ ಸುಳಿವು ಸಿಗದು.

ಒಳ್ಳೆಯ ದಿನವನ್ನು ಮೊದಲೇ ಗೊತ್ತು ಮಾಡಿಸಿಕೊಂಡ.

"ಏನಪ್ಪಾ ಅಂಥಾ ಪಾಪ?" ಎಂದ ಪೂಜಾರಿ.

"ಅವತ್ತೇ ಹೇಳ್ತೀನಿ ಸ್ವಾಮಿ. ಇನ್ನೂ ಪೂರ್ತಿ ಆಗಿಲ್ಲ."

ಆ ದಿನ ಬೆಳಿಗ್ಗೆ ಮಾವನ ಗಡಿಗೆಯನ್ನೇ ಎತ್ತಿಕೊಂಡು, ದೋಣಿಯನ್ನು ಜೊಂಡಿನೊಳಗೆ ನುಗ್ಗಿಸಿದ. ಮೊದಲ ಗುಟುಕು ಹುಳಿ. ಎರಡನೆಯದು ಬಲು ಸೊಗಸು. ಗಡಿಗೆಯ ತಳ ಕಾಣುವ ಹೊತ್ತಿಗೆ ಕಪ್ಪೆಗಳು ಅವನನ್ನು ಹೆಸರು ಹಿಡಿದು ಕರೆಯುತ್ತಿದ್ದವು. ಅವನೂ ಒಂದೊಂದಕ್ಕೂ ಓಗೊಟ್ಟ. ನಗುತ್ತಲೇ ಹುಟ್ಟು ಹಾಕಿ ಗುಡಿ ಸೇರಿ, ಕುಡಿದದ್ದು, ಕದ್ದದ್ದು, ಎಂದೋ ಷಡ್ಡಕನ ನೀಲಿ ಗರಿ ಎಗರಿಸಿದ್ದು, ಎಲ್ಲವನ್ನೂ ಒಪ್ಪಿಸಿದ. ಪೂಜಾರಿ ಕೆಂಡಕ್ಕೆ ಧೂಪ ಹಾಕಿದ. "ಕತ್ತಾಳೆ ಮುಳ್ಳಲ್ಲಿ ನಾಲಗೆ ಚುಚ್ಕೋ, ಹೋಗು. ತಾಯಿ ತಿಂದ್ಲು."

ಇನ್ನೇಕೆ ಅವಿತುಕೊಳ್ಳಬೇಕು? ಎಕಾಟ್ಸಿನ್ ಕುಣಿಯುತ್ತ ಸಂತೆಗೇ ನಡೆದ. ಗಡಿಗೆ ಕಳೆದುಕೊಂಡು ಕೂಗಾಡುತ್ತಿದ್ದ ಮಾವನನ್ನು ತಬ್ಬಿ, ಮುಖಕ್ಕೇ ಉಸಿರು ಬಿಟ್ಟ. "ಹಾ! ಮಾವಾ, ನಿನ್ನ ಗಂಜಿ ಭಾಳ ಚೆನ್ನಾಗಿತ್ತು ಕಣೋ!"

"ಅಯ್ಯೋ, ಕುಡಿದವ್ನೆ! ಹಿಡೀರ್ರೋ!"

ದೊಣ್ಣೆಯವರು ಸುತ್ತುವರಿದರು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ನನ್ನ ಮುಟ್ಟೀರಾ ಜೋಕೆ! ಎಲ್ಲಾ ಒಪ್ಕೊಂಡಾಯ್ತು, ತಾಯಿ ತಿಂದಾಯ್ತು. ಬನ್ನಿ, ಪೂಜಾರೀನೇ ಕೇಳಿ!" ಮದುವಣಿಗನಂತೆ ತಾನೇ ಮುಂದಾಗಿ, ಇಡೀ ಸಂತೆಯನ್ನು ಗುಡಿಗೆ ಕರೆದೊಯ್ದ.

ಪೂಜಾರಿ ಹೊರಗೆ ಬಂದ. "ಹೇಳಿ ಸ್ವಾಮಿ, ಈಗ ತಾನೇ ನಿಮ್ಮ ಮುಂದೆ ಒಪ್ಕೊಂಡೆ ಅಲ್ವಾ?" ಎಂದು ಎಕಾಟ್ಸಿನ್ ಎದೆಯುಬ್ಬಿಸಿದ. ಪೂಜಾರಿ ಅವನನ್ನು ಅಪರಿಚಿತನನ್ನು ನೋಡುವಂತೆ ನೋಡಿದ. "ಯಾರು ಬಂದ್ರು, ಏನು ಹೇಳಿದ್ರು, ನಾನು ಬಾಯಿ ಬಿಡೋ ಹಾಗಿಲ್ಲಪ್ಪ. ಕೇಳಿಸ್ಕೊಂಡೋಳು ತಾಯಿ. ಬೇಕಾದ್ರೆ ಅವಳನ್ನೇ ಕೇಳ್ರಿ." ಎಲ್ಲರೂ ಒಳಗಿದ್ದ ಕಲ್ಲಿನ ತಾಯಿಯತ್ತ ತಿರುಗಿದರು. ತುಟಿಯ ಸುತ್ತ ಕಪ್ಪು ಬಳಿದುಕೊಂಡಿದ್ದ ಅವಳು, ಬಾಯಿ ತುಂಬ ತುತ್ತಿಟ್ಟುಕೊಂಡವಳಂತೆ ಸುಮ್ಮನೆ ಕೂತಿದ್ದಳು.