ಮಂಗಳವಾರ ಬೆಳಿಗ್ಗೆ ಆರರ ರೇಟು

ಫೋರ್ಕ್‌ಲಿಫ್ಟ್ ನನ್ನ ಎದೆಗೇ ಗುರಿಯಿಟ್ಟು ಬರುತ್ತಿತ್ತು!

ಮುಂದೆ ಚಾಚಿದ ಎರಡು ಉಕ್ಕಿನ ಪಟ್ಟಿಗಳು. ಹಿಂದೆ ಸ್ಟೀರಿಂಗ್ ಹಿಡಿದು ಕೂತವನು ಫಿಲಿಮೋನೆ... ಡನ್‌ಸ್ಟನ್ ಹಾರ್ಡ್‌ವೇರ್‌ನ ಗೋದಾಮಿನ ಮೇಸ್ತ್ರಿ. ನೂರಿಪ್ಪತ್ತು ಕಿಲೋ ಆಸಾಮಿ. ಒಂದು ಕಾಲದಲ್ಲಿ ನಾವಿಬ್ಬರೂ ಒಂದೇ ರಗ್ಬಿ ತಂಡದಲ್ಲಿ ಆಡಿದವರು. ಆಗಲೂ ಅವನಿಗೆ ನಿಲ್ಲುವುದು ಗೊತ್ತಿರಲಿಲ್ಲ.

ನನ್ನ ಬೆನ್ನಿಗೆ ಗೋಡೆ. ಎಡಕ್ಕೆ ತಗಡಿನ ರಾಶಿ. ಬಲಕ್ಕೂ ತಗಡಿನ ರಾಶಿ.

"ಪೇಪರ್ ಕೆಳಗೆ ಹಾಕು ಇನೋಕೆ!"

"ಬೇಕಿದ್ರೆ ಬಂದು ತಗೋ!"

ಬಂದೇಬಿಟ್ಟ...

ತಡೆಯಿರಿ. ನಾನು ಆ ಗೋಡೆಗೆ ಹೇಗೆ ಬಂದು ಆತುಕೊಂಡೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ದೊಡ್ಡ ಮನುಷ್ಯನೇನಲ್ಲ. ಹದಿನೆಂಟು ವರ್ಷ ಫಿಜಿ ಪೊಲೀಸಿನಲ್ಲಿ ಸವೆದು ಸಾರ್ಜೆಂಟ್ ಆದವನು. ಈಗ ಲೌಟೋಕಾದಲ್ಲಿ ಖಾಸಗಿ ಕೆಲಸ. ಕಳೆದುಹೋದ ಲಾರಿ ಹುಡುಕುತ್ತೇನೆ. ಓಡಿಹೋದ ಪಾರ್ಟ್‌ನರ್ ಹುಡುಕುತ್ತೇನೆ. ಸಹಿ ಹಾಕದವರಿಂದ ಸಹಿ ಹಾಕಿಸುತ್ತೇನೆ.

ಕೊನೆಯದಕ್ಕೇ ಗಿರಾಕಿಗಳು ಹೆಚ್ಚು.

ಸೋಮವಾರ ಚಂಡಮಾರುತ ಬಂದು ಹೋಗಿತ್ತು. ಊರಿನ ಅರ್ಧ ಮನೆಗಳ ಸೂರು ಕಬ್ಬಿನ ಗದ್ದೆಯಲ್ಲಿ ಬಿದ್ದಿತ್ತು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಹಾರ್ಡ್‌ವೇರ್ ಅಂಗಡಿಯ ಮಾಲೀಕ ಡನ್‌ಸ್ಟನ್ ಫೋನ್ ಮಾಡಿದ.

"ಕೂಡ್ಲೇ ಬಾ. ಸಣ್ಣ ಕೆಲಸ."

ಅಂಗಡಿ ಮುಂದೆ ನೂರೈವತ್ತು ಜನರ ಸಾಲು. ಬಿಸಿಲಲ್ಲಿ ನಿಂತ ಮುದುಕಿಯರು, ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸರು. ಕೌಂಟರಿನ ತನಕ ಹೋದವರು ರೇಟು ಕೇಳಿ, ಬೈದು, ಬರಿಗೈಲಿ ವಾಪಸ್ ಬರುತ್ತಿದ್ದರು. ಹನ್ನೆರಡಡಿ ತಗಡು... ಸೋಮವಾರ ನಲವತ್ತೊಂದು ಡಾಲರ್. ಮಂಗಳವಾರ ತೊಂಬತ್ತೆಂಟು!

ಮೇಲೆ ಡನ್‌ಸ್ಟನ್‌ನ ಕೋಣೆಯಲ್ಲಿ ಏಸಿ ತಣ್ಣಗೆ ಓಡುತ್ತಿತ್ತು. ಬಿಳಿ ಅಂಗಿ. ಗುಲಾಬಿ ಮುಖ. ಕಣ್ಣಲ್ಲಿ ನಿದ್ದೆಗೆಟ್ಟ ಗುರುತೇ ಇಲ್ಲ.

"ನಮ್ಮ ರೇಟ್ ಕ್ಲಾರ್ಕ್ ಶಾಲೇಶ್ನಿ ಇದಾಳಲ್ಲ... ಯಾರನ್ನೂ ಕೇಳದೆ ಸಾಫ್ಟ್‌ವೇರ್‌ನಲ್ಲಿ ರೇಟು ಏರಿಸಿಬಿಟ್ಟಿದಾಳೆ. ಆರು ಬ್ರಾಂಚಲ್ಲೂ! ಮೂರು ಗಂಟೆಗೆ ಬೆಲೆ ನಿಯಂತ್ರಣದ ಇನ್ಸ್‌ಪೆಕ್ಟರ್ ಬರ್ತಾರೆ. ಅಷ್ಟರೊಳಗೆ ತಪ್ಪೊಪ್ಪಿಗೆಗೆ ಅವಳ ಸಹಿ ಬೇಕು."

ಒಂದು ಕಾಗದ ಮುಂದೆ ತಳ್ಳಿದ. ಮೇಲೆ ತಪ್ಪೊಪ್ಪಿಗೆಯ ನಾಲ್ಕು ಸಾಲು, ಕೆಳಗೆ ಕಂಪ್ಯೂಟರಿನ ಪ್ರಿಂಟ್. ಇನ್ನೂರ ಹನ್ನೆರಡು ಸಾಮಾನು, ಹೊಸ ರೇಟು, ಪಕ್ಕದಲ್ಲಿ 'ನಮೂದಿಸಿದವರು: ಶಾಲೇಶ್ನಿ'.

"ಏರಿದ ರೇಟನ್ನ ನೀವು ಇಳಿಸಬಹುದಿತ್ತಲ್ಲ ಸಾರ್? ಶುಕ್ರವಾರ ಆಯ್ತು."

"ಸಹಿ ತಗೊಂಡು ಬಾ ಇನೋಕೆ. ಪ್ರಶ್ನೆಗೆ ನಾನು ದುಡ್ಡು ಕೊಡಲ್ಲ."

ನಾನು ಕಾಗದ ಎತ್ತಿಕೊಂಡು ಹೋದೆ. ಹೌದು, ಹೋದೆ! ನನ್ನ ಮೇಲೂ ನನಗೆ ಕೋಪವಿದೆ.

ಶಾಲೇಶ್ನಿ ಮೆಟ್ಟಿಲ ಪಕ್ಕದ ಇಕ್ಕಟ್ಟಿನ ಕೋಣೆಯಲ್ಲಿದ್ದಳು. ಮೂವತ್ತರ ಆಸುಪಾಸು. ತೆಳ್ಳಗಿನ ಹೆಂಗಸು. ನಾಲ್ಕು ದಿನದಿಂದ ಅವಳೂ ಅವಳ ತಾಯಿಯೂ ಶಾಲೆಯ ಕ್ಲಾಸ್‌ರೂಮಿನಲ್ಲಿ ಬೆಂಚು ಜೋಡಿಸಿಕೊಂಡು ಮಲಗುತ್ತಿದ್ದರು. ಅವರ ಸೂರೂ ಹಾರಿಹೋಗಿತ್ತು. ಕೊಟ್ಟ ಕಾಗದವನ್ನು ಓದಿದಳು. ಮತ್ತೊಮ್ಮೆ ಓದಿದಳು.

"ಪೆನ್ನು ತಂದಿದೀರಾ ಸಾರ್ಜೆಂಟ್?"

ಕೊಟ್ಟೆ.

ಕಾಗದದ ಮೇಲೆ ದೊಡ್ಡದಾಗಿ 'ಸುಳ್ಳು' ಅಂತ ಬರೆದು ನನ್ನ ಮುಖದ ಮೇಲೆ ಎಸೆದಳು!

"ಪೊಲೀಸ್ ಯೂನಿಫಾರ್ಮ್ ಬಿಚ್ಚಿದ ಮೇಲೆ ಇದೇನಾ ಕಸುಬು? ಹೆಂಗಸರನ್ನ ಹೆದರಿಸೋದು? ನಿಮ್ಮ ತಾಯಿಗೆ ಗೊತ್ತಾ?"

"ನಮೂದಿಸಿದವರು ನೀನೇ ಅಂತಿದೆಯಲ್ಲಮ್ಮ."

"ಇದೆ! ನಾನೇ ಟೈಪ್ ಮಾಡಿದ್ದು. ಇಲ್ಲ ಅಂದ್ನಾ? ಹೋದ ತಿಂಗಳು ಈ ಹೊಸ ಸಾಫ್ಟ್‌ವೇರ್ ಬಂತು. ಪರೀಕ್ಷೆ ಮಾಡೋಕೆ ಸುಮ್ನೆ ಒಂದು ಪಟ್ಟಿ ಹಾಕು, ನಾನು ಹೇಳೋ ರೇಟು ಹಾಕು ಅಂದ್ರು ಡನ್‌ಸ್ಟನ್ ಸಾಹೇಬ್ರು. ಹಾಕಿದೆ. ಜಾರಿಗೆ ಬರೋ ದಿನಾಂಕ ಏನು ಕೊಟ್ಟಿದ್ದೆ ಗೊತ್ತಾ? ಎರಡು ಸಾವಿರದ ಐವತ್ತು! ಯಾವ ಕಾಲಕ್ಕೂ ಬರೋದು ಬೇಡ ಅಂತ!"

"ಹಾಗಿದ್ರೆ ಹೇಗೆ ಬಂತು?"

ಅವಳು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು. ಬೆಲೆಪಟ್ಟಿಯ ಬದಲಾವಣೆಗಳ ದಾಖಲೆ. ಯಾರು, ಯಾವಾಗ, ಏನು ಮುಟ್ಟಿದರು... ಎಲ್ಲ ಇರುತ್ತದೆ. ಯಾರೂ ಅಳಿಸಲು ಆಗುವುದಿಲ್ಲ. ಮೊದಲ ಸಾಲು ಅವಳದ್ದು. ಡನ್‌ಸ್ಟನ್ ನನಗೆ ಕೊಟ್ಟಿದ್ದು ಅದೊಂದೇ.

ಕೆಳಗೆ ಎರಡನೇ ಸಾಲಿತ್ತು.

ಶನಿವಾರ, ಮಧ್ಯಾಹ್ನ ಎರಡು ನಲವತ್ತು. ಜಾರಿ ದಿನಾಂಕ ಬದಲಾವಣೆ: ಇದೇ ಮಂಗಳವಾರ, ಬೆಳಿಗ್ಗೆ ಆರು. ಬದಲಿಸಿದವರು: ಡನ್‌ಸ್ಟನ್.

ಶನಿವಾರ!

ರೇಡಿಯೋದಲ್ಲಿ ಚಂಡಮಾರುತದ ಎಚ್ಚರಿಕೆ ಬಂದ ದಿನ. ಊರಿಗೆ ಊರೇ ಕಿಟಕಿಗಳಿಗೆ ಹಲಗೆ ಹೊಡೆಯುತ್ತಿತ್ತು. ನಾನು ಅಮ್ಮನನ್ನು ಎತ್ತಿಕೊಂಡು ಚರ್ಚಿಗೆ ಸಾಗಿಸುತ್ತಿದ್ದೆ. ಆ ಹೊತ್ತಿಗೆ ಈತ ಏಸಿ ಹಾಕಿಕೊಂಡು ಕೂತು, ನಮ್ಮ ಸೂರು ಯಾವ ದಿನ ಹಾರುತ್ತದೆ ಅಂತ ಲೆಕ್ಕ ಹಾಕುತ್ತಿದ್ದ!

ನನ್ನ ಕಿವಿ ಕಾದ ಬಾಣಲೆಯಾಯಿತು.

"ಪ್ರಿಂಟ್ ಕೊಡು."

"ಕೊಡ್ತೀನಿ. ಆದ್ರೆ ಪ್ರಿಂಟರ್ ಅವರ ಕೋಣೆ ಬಾಗಿಲಲ್ಲೇ ಇದೆ ಸಾರ್ಜೆಂಟ್."

"ಇರಲಿ."

ನಾನು ಹೋಗುವಷ್ಟರಲ್ಲಿ ಕಾಗದ ಹೊರಗೆ ಬಂದಿತ್ತು. ಪಕ್ಕದಲ್ಲಿ ಡನ್‌ಸ್ಟನ್ ನಿಂತಿದ್ದ. ಓದಿಯೂ ಆಗಿತ್ತು. ನಾನು ಕೈ ಹಾಕಿ ಕಿತ್ತುಕೊಂಡೆ.

"ಅದು ಕಂಪನಿ ಸ್ವತ್ತು," ಎಂದ ಮೆಲ್ಲಗೆ. "ವಾಪಸ್ ಕೊಡು. ನಿನ್ನ ಫೀಸು ಎರಡರಷ್ಟು ಮಾಡ್ತೀನಿ."

"ರೇಟು ಏರಿಸೋದು ನಿಮಗೆ ಅಭ್ಯಾಸ ಆಗಿದೆ ಸಾರ್!"

"ಫಿಲಿಮೋನೆ! ಆ ಪೇಪರ್ ಕಿತ್ಕೋ!" ಡನ್‌ಸ್ಟನ್ ಅರಚಿದ.

ಹಿಂದಿನ ಮೆಟ್ಟಿಲು ಇಳಿದು ಗೋದಾಮಿಗೆ ಓಡಿದೆ. ಗೇಟಿಗೆ ಬೀಗ. ತಿರುಗಿದೆ. ಗೋಡೆ. ಆಮೇಲೆ ಆ ಫೋರ್ಕ್‌ಲಿಫ್ಟ್...

ಈಗ ಗೊತ್ತಾಯಿತಲ್ಲ?

ಕೊನೇ ಗಳಿಗೆಯಲ್ಲಿ ತಗಡಿನ ರಾಶಿಯ ಮೇಲೆ ಹಾರಿದೆ. ನಲವತ್ತೆಂಟು ವರ್ಷದ ಮೊಣಕಾಲು ಬೊಬ್ಬೆ ಹೊಡೆಯಿತು. ಉಕ್ಕಿನ ಪಟ್ಟಿಗಳು ನಾನು ನಿಂತಿದ್ದ ಗೋಡೆಯೊಳಕ್ಕೆ ಹೊಕ್ಕವು. ಧಡಾರ್! ಇಟ್ಟಿಗೆ ಪುಡಿ, ಹೊಗೆ. ಫಿಲಿಮೋನೆ ಹಿಂದಕ್ಕೆ ಎಳೆಯಲು ನೋಡಿದ. ಗಾಡಿ ಗೋಡೆಯಲ್ಲಿ ಕಚ್ಚಿಕೊಂಡಿತ್ತು. ಅವನು ಇಳಿಯುವ ಮೊದಲೇ ನಾನು ಕೊರಳಪಟ್ಟಿ ಹಿಡಿದಿದ್ದೆ.

"ಕೊಲ್ತಿದ್ದೆಯಲ್ಲೋ ನನ್ನ! ಆ ಮನುಷ್ಯನಿಗೋಸ್ಕರ?"

"ನಿಲ್ಲಿಸೋಣ ಅಂತಲೇ ಇದ್ದೆ... ಕಾಲು ಕೇಳಲಿಲ್ಲ." ಎಂದ ಫಿಲಿಮೋನೆ. "ನನಗೆ ನಾಲ್ಕು ಮಕ್ಕಳು ಇನೋಕೆ. ಈ ಕೆಲಸ ಹೋದ್ರೆ ಯಾರು ಕೊಡ್ತಾರೆ?"

"ಹೊರಗೆ ನಿಂತಿರೋರಿಗೂ ಮಕ್ಕಳಿವೆ!"

ಹೊಡೆಯಬೇಕೆಂದು ಎತ್ತಿದ ಕೈ ಹಾಗೇ ನಿಂತಿತು. ಬೆಳಿಗ್ಗೆ ಆ ತಪ್ಪೊಪ್ಪಿಗೆ ಹಿಡಿದು ಹೋದವನು ನಾನೂ ತಾನೇ? ಬಿಟ್ಟೆ. ಅವನು ಅಲ್ಲೇ ನೆಲದ ಮೇಲೆ ಕುಕ್ಕರುಬಡಿದ. ನನ್ನ ಹಿಂದೆ ಬರಲಿಲ್ಲ.

ಮೇಲಿಂದ ಶಾಲೇಶ್ನಿಯ ಕೂಗು ಕೇಳಿಸಿತು.

ಎರಡೆರಡು ಮೆಟ್ಟಿಲು ಹಾರಿದೆ. ಡನ್‌ಸ್ಟನ್ ಅವಳನ್ನು ಕುರ್ಚಿಯಿಂದ ತೋಳು ಹಿಡಿದು ಎಳೆಯುತ್ತಿದ್ದ. ಇನ್ನೊಂದು ಕೈಯಲ್ಲಿ ಫೋನ್. "ಅವಳ ಲಾಗಿನ್ ಬಂದ್ ಮಾಡಿ! ಈಗಲೇ!" ಅಂತ ಯಾರ ಮೇಲೋ ಕಿರುಚುತ್ತಿದ್ದ.

ಸೊಂಟದ ಬೆಲ್ಟ್ ಹಿಡಿದು ಅವನನ್ನು ಹೊರಗೆ ಎಸೆದೆ. ಬಾಗಿಲು ಹಾಕಿದೆ. ಬೆನ್ನು ಕೊಟ್ಟು ನಿಂತೆ.

"ಹಳೇ ಪಟ್ಟಿ ಇದೆಯೇನಮ್ಮ?"

"ಇದೆ. ಸೋಮವಾರದ್ದು. ಅದನ್ನ ಮತ್ತೆ ಜಾರಿ ಮಾಡಬೇಕು ಅಷ್ಟೇ."

"ಮಾಡು!"

"ಮಾಡಿದ್ರೆ ನನ್ನ ಕೆಲಸ..."

"ಅದು ಬೆಳಿಗ್ಗೆಯೇ ಹೋಯ್ತು ತಾಯಿ. ನಿನಗೆ ಹೇಳಿರಲಿಲ್ಲ ಅಷ್ಟೇ."

ಮೂಗು ಒರೆಸಿಕೊಂಡು ಕೀಬೋರ್ಡಿಗೆ ಬಗ್ಗಿದಳು. ಹೊರಗೆ ಡನ್‌ಸ್ಟನ್ ಬಾಗಿಲನ್ನು ಒದೆಯುತ್ತಿದ್ದ.

"ಇನೋಕೆ! ನಿನ್ನ ಜೈಲಿಗೆ ಹಾಕಿಸ್ತೀನಿ!"

"ಜಾಗ ಇರುತ್ತೆ ಸಾರ್. ನೀವೂ ಬನ್ನಿ!"

"ಎಲ್ಲಾ ಬ್ರಾಂಚ್..." ಅವಳು ಗೊಣಗಿದಳು. "ಲೌಟೋಕಾ, ಬಾ ಟೌನ್, ನಂದಿ... ಖಚಿತವೇ ಅಂತ ಕೇಳ್ತಿದೆ."

"ಹೌದು ಅನ್ನು!"

"ಹೌದು ಕಣೋ ದರಿದ್ರದವನೇ!" ಎಂದು ಕಂಪ್ಯೂಟರನ್ನೇ ಬೈದು ಬಟನ್ ಕುಟ್ಟಿದಳು.

ಐದು ಸೆಕೆಂಡ್. ಹತ್ತು... ಪರದೆ ಕಪ್ಪಾಯಿತು. 'ನಿಮ್ಮ ಖಾತೆ ರದ್ದಾಗಿದೆ.'

"ಹೋಯ್ತು," ಎಂದಳು. "ಪಟ್ಟಿ ಬ್ರಾಂಚುಗಳಿಗೆ ಹೋಯ್ತೋ, ನಾನು ಮಾತ್ರ ಹೋದ್ನೋ... ಗೊತ್ತಿಲ್ಲ."

ಇಬ್ಬರೂ ಕೆಳಗಿನ ಅಂಗಡಿಗೆ ಕಿವಿಕೊಟ್ಟೆವು.

ಕೆಳಗಿನ ಕೌಂಟರಿನಿಂದ ಒಂದು ಹೆಣ್ಣು ದನಿ ಬಂತು. "ನಲವತ್ತೊಂದು? ಏನಂದೆ? ಇನ್ನೊಂದು ಸಲ ಹೇಳು!"

ಆಮೇಲೆ ಕೇಳಬೇಕಿತ್ತು ಆ ಗದ್ದಲ! ಸಾಲಿನ ಈ ತುದಿಯಿಂದ ಆ ತುದಿಗೆ ಆ ಸಂಖ್ಯೆ ಓಡಿತು. ಶಿಳ್ಳೆ, ಕೂಗಾಟ. ಯಾರೋ ಅಳುತ್ತಿದ್ದರು.

ಬಾಗಿಲು ತೆರೆದೆ. ಡನ್‌ಸ್ಟನ್‌ನ ಬಿಳಿ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

"ಇದು ದರೋಡೆ! ನಾನೀಗಲೇ ಮತ್ತೆ ಏರಿಸ್ತೀನಿ!"

"ಏರಿಸಿ. ಶಾಲೇಶ್ನಿ ಲಾಗಿನ್ ನೀವೇ ಮುಚ್ಚಿಸಿದ್ರಿ. ಈ ಸಲ ಯಾರ ಹೆಸರಲ್ಲಿ ಏರಿಸ್ತೀರಿ?"

ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮೂರು ಗಂಟೆಗೆ ಸರಿಯಾಗಿ ಇನ್ಸ್‌ಪೆಕ್ಟರ್ ಮೆರೆವಲೇಸಿ ಬಂದರು. ಗಿಡ್ಡ ಹೆಂಗಸು, ದಪ್ಪ ಕನ್ನಡಕ. ನನ್ನ ಬೆವರಿನಿಂದ ಒದ್ದೆಯಾಗಿದ್ದ ಕಾಗದವನ್ನು ಮೇಜಿನ ಮೇಲೆ ಬಿಡಿಸಿ, ಎರಡನೇ ಸಾಲಿನ ಮೇಲೆ ಬೆರಳಿಟ್ಟರು.

"ಶನಿವಾರ ಮಧ್ಯಾಹ್ನ ನನ್ನ ತಂಗಿ ಮನೆ ಸೂರು ಹಾರಿಹೋಗದ ಹಾಗೆ ಹಗ್ಗ ಬಿಗೀತಿದ್ದೆ ಮಿಸ್ಟರ್ ಡನ್‌ಸ್ಟನ್," ಎಂದರು ತಣ್ಣಗೆ. "ನೀವೇನು ಮಾಡ್ತಿದ್ರಿ ಅಂತ ನಿಧಾನಕ್ಕೆ ಹೇಳಿ. ಬರ್ಕೋತೀನಿ."

ಅವನು ವಕೀಲ ಬೇಕೆಂದ.

ಶಾಲೇಶ್ನಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಮನೆಗೆ ಹೋಗುತ್ತಾಳೆ ಅಂದುಕೊಂಡೆ. ಇಲ್ಲ. ಅಂಗಡಿ ಸುತ್ತು ಹಾಕಿ ಮುಂದಕ್ಕೆ ಬಂದು ಸಾಲಿನ ಕಟ್ಟಕಡೆಗೆ ನಿಂತಳು.

"ಮುಂದೆ ಹೋಗಮ್ಮ. ನಾನು ಹೇಳ್ತೀನಿ, ಬಿಡ್ತಾರೆ," ಎಂದೆ.

"ಬೇಡ." ಸಿಡುಕಿದಳು. "ಹದಿನಾರು ತಗಡು ಬೇಕು. ನಿಂತೇ ತಗೋತೀನಿ. ನೀವೂ ಸುಮ್ನೆ ನಿಲ್ಲಬೇಡಿ, ಹೊರೋಕೆ ಲಾರಿ ನೋಡಿ."

ಲಾರಿ ನೋಡಿದೆ. ಮುಂದಿನ ಎರಡು ದಿನ ಅವಳ ಮನೆಯ ಮೇಲೆ ಹತ್ತಿ ಮೊಳೆಯನ್ನೂ ಹೊಡೆದೆ. ಅವಳ ತಾಯಿ ರೋಟಿ, ಬದನೆಕಾಯಿ ಪಲ್ಯ ಕೊಟ್ಟರು. ಶಾಲೇಶ್ನಿ ಮಾತ್ರ ಕೆಳಗೆ ನಿಂತು, ನಾನು ಹೊಡೆದ ಪ್ರತಿ ಮೊಳೆಯೂ ಸೊಟ್ಟ ಅಂತ ಕೂಗುತ್ತಲೇ ಇದ್ದಳು. ಕ್ಷಮಿಸಿದಳೋ ಇಲ್ಲವೋ, ಕೇಳುವ ಧೈರ್ಯ ನನಗೂ ಆಗಲಿಲ್ಲ.

ಎರಡು ವಾರ ಕಳೆದವು. ಬಾ ಊರಿನ ಇನ್ನೊಂದು ಹಾರ್ಡ್‌ವೇರ್ ಅಂಗಡಿಯವರು ಅವಳನ್ನು ರೇಟ್ ಕ್ಲಾರ್ಕ್ ಆಗಿ ತೆಗೆದುಕೊಂಡರು. ಡನ್‌ಸ್ಟನ್ ಮೇಲೆ ಕೇಸು ಬಿತ್ತು.

ಮೊನ್ನೆ ಅವನ ವಕೀಲ ಫೋನ್ ಮಾಡಿದ. ಕೋರ್ಟಿನಲ್ಲಿ ನಾನು ಸ್ವಲ್ಪ ಮರೆತವನ ಹಾಗೆ ಮಾತಾಡಿದರೆ ಒಳ್ಳೆಯದಂತೆ. ಎಷ್ಟು ತಗೋತೀರಿ ಅಂತ ಕೇಳಿದ.

ಹೇಳಿದೆ.

"ಅಷ್ಟೊಂದಾ! ಅದು ಅವರ ಇಡೀ ಅಂಗಡಿ ಬೆಲೆ ಕಣ್ರೀ! ಇದೆಂಥ ಸುಲಿಗೆ?"

"ಏನು ಮಾಡೋದು ಸಾರ್," ಎಂದೆ, "ಚಂಡಮಾರುತದ ಸೀಸನ್!"